ತೇಲುವ ಅಚ್ಚು ಕಟ್ಟುವ ಸುಂಕ

ಹಳೆಯ ಮನೆಗಳ ಬಾಗಿಲ ಪಕ್ಕದಲ್ಲಿ, ಮರದ ಹಲಗೆಯ ಮೇಲೆ ಕೂತಿರುತ್ತಿದ್ದ ಕರೆಂಟಿನ ಮೀಟರು ಅನೇಕರಿಗೆ ನೆನಪಿರಬಹುದು. ಗಾಜಿನ ಕಿಂಡಿಯ ಹಿಂದೆ ಅಲ್ಯೂಮಿನಿಯಂ ತಟ್ಟೆಯೊಂದು ಸದ್ದಿಲ್ಲದೆ ತಿರುಗುತ್ತಿತ್ತು. ಅದರ ಅಂಚಿಗೆ ಬಳಿದ ಗುರುತು ಸುತ್ತಿ ಬರುವುದನ್ನು ಮಕ್ಕಳು ಎಣಿಸುತ್ತಿದ್ದರು. ಮನೆಯಲ್ಲಿ ಒಂದೇ ಬಲ್ಬು ಉರಿಯುತ್ತಿದ್ದಾಗಲೂ ತಟ್ಟೆ ನಿಲ್ಲದೆ ತೆವಳುತ್ತಿತ್ತು. ಅಷ್ಟು ಸಣ್ಣ ಬಲಕ್ಕೆ ಅದು ತಿರುಗಬೇಕಾದರೆ ಅದರ ಕಂಬಿ ಊರಿದ ಜಾಗದಲ್ಲಿ ಘರ್ಷಣೆ ಇಲ್ಲವೆನ್ನುವಷ್ಟು ಕಡಿಮೆ ಇರಬೇಕು. ಮೊದಮೊದಲು ಈ ಕೆಲಸವನ್ನು ನೀಲಮಣಿಯ ಪುಟ್ಟ ಬಟ್ಟಲೊಂದು ಮಾಡುತ್ತಿತ್ತು. ಬಟ್ಟಲು ಸವೆದರೆ ತಟ್ಟೆ ನಿಧಾನವಾಗುತ್ತಿತ್ತು. ಲಾಭ ಮನೆಯವರಿಗೆ, ನಷ್ಟ ಕರೆಂಟು ಕೊಡುವವರಿಗೆ. 20ನೇ ಶತಮಾನದ ನಡುವಿನಿಂದ ಕೆಲವು ಮೀಟರ್ ತಯಾರಕರು ಬಟ್ಟಲನ್ನು ತೆಗೆದು ಅಯಸ್ಕಾಂತದ ಉಂಗುರಗಳನ್ನು ಇಟ್ಟರು. ತಟ್ಟೆಯ ತೂಕವನ್ನೆಲ್ಲ ಅವೇ ಹೊತ್ತವು. ಆದರೂ ತಟ್ಟೆ ಪಕ್ಕಕ್ಕೆ ಜಾರದಂತೆ ಹಿಡಿಯಲು ಮೇಲೊಂದು ಕೆಳಗೊಂದು ತೆಳು ಸೂಜಿ ಉಳಿದೇ ಉಳಿಯಿತು.

ಆ ಸೂಜಿಗಳನ್ನೂ ಕಿತ್ತುಹಾಕಬಹುದಿತ್ತಲ್ಲ? ತಿರುಗುವ ವಸ್ತುವನ್ನು ಯಾವುದೂ ಮುಟ್ಟದಂತೆ ಬರೀ ಕಾಂತಬಲದಿಂದ ಹಿಡಿದು ನಿಲ್ಲಿಸಲಾಗದೆ? 180 ವರ್ಷಗಳಿಂದ ಗಣಿತಜ್ಞರು, ಭೌತವಿಜ್ಞಾನಿಗಳು, ಎಂಜಿನಿಯರುಗಳು ಈ ಪ್ರಶ್ನೆಯ ಸುತ್ತ ತಿರುಗುತ್ತಿದ್ದಾರೆ. ಆಗುತ್ತದೆ, ಆದರೆ ಸುಂಕ ಕಟ್ಟಬೇಕು ಎಂಬಲ್ಲಿಯವರೆಗೆ ಎಲ್ಲರಿಗೂ ಒಪ್ಪಿಗೆಯಿದೆ. ಅದನ್ನು ಯಾವ ನಾಣ್ಯದಲ್ಲಿ ಕಟ್ಟುವುದು ಲೇಸು ಎಂಬಲ್ಲಿ ಪಂಥಗಳು ಕವಲೊಡೆಯುತ್ತವೆ.

ಕೀಲೆಣ್ಣೆಯಿಂದ ಎಣ್ಣೆಪೊರೆಯವರೆಗೆ

ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವವನಿಗೆ ಘರ್ಷಣೆಯ ಪಾಠವನ್ನು ಯಾರೂ ಹೇಳಿಕೊಡಬೇಕಿಲ್ಲ. ಎಣ್ಣೆ ಒಣಗಿದ ಗಾಡಿ ಕಿರುಗುಟ್ಟುತ್ತದೆ, ಎತ್ತು ದಣಿಯುತ್ತದೆ, ಅಚ್ಚು ಸವೆಯುತ್ತದೆ. 1794ರಲ್ಲಿ ವೇಲ್ಸ್‌ನ ಫಿಲಿಪ್ ವಾನ್ ಗಾಡಿಯ ಅಚ್ಚಿಗೆ ಲೋಹದ ಗುಂಡುಗಳನ್ನು ಕೂರಿಸುವ ಉಪಾಯಕ್ಕೆ ಪೇಟೆಂಟ್ ಪಡೆದ. 1883ರಲ್ಲಿ ಬೋಶಾಂ ಟವರ್ ರೈಲಿನ ಅಚ್ಚುಗಳ ಮೇಲೆ ಪ್ರಯೋಗ ಮಾಡುತ್ತಿದ್ದಾಗ, ಬೇರಿಂಗಿನ ತೂತಿಗೆ ಬಡಿದಿದ್ದ ಬಿರಡೆಯನ್ನು ಒಳಗಿನ ಎಣ್ಣೆಯೇ ಹೊರದಬ್ಬಿತು. ತಿರುಗುವ ಅಚ್ಚು ಎಣ್ಣೆಯನ್ನು ಎಳೆದುಕೊಂಡು, ಆ ಒತ್ತಡದ ಮೇಲೆ ತಾನೇ ತೇಲುತ್ತಿತ್ತು. ಇದರ ಗಣಿತವನ್ನು 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಬರೆದಿಟ್ಟ. ಇಂದಿನ ಒಳ್ಳೆಯ ಬಾಲ್ ಬೇರಿಂಗಿನ ಘರ್ಷಣಾಂಕ ಸುಮಾರು 0.001ರಿಂದ 0.0015. ಎಂದರೆ ಸಾವಿರ ಕಿಲೋ ಹೊರೆಗೆ ಒಂದೂವರೆ ಕಿಲೋ ತಡೆ.

ಇಷ್ಟು ಅಗ್ಗವಾಗಿ ಇಷ್ಟು ಕಡಿಮೆ ಘರ್ಷಣೆ ಸಿಗುತ್ತಿದ್ದರೆ ಅಯಸ್ಕಾಂತದ ಗೊಡವೆ ಏಕೆ? ಗುಂಡಿಗೂ ಎಣ್ಣೆಗೂ ಒಗ್ಗದ ಜಾಗಗಳು ಇವೆ. ನಿರ್ವಾತದಲ್ಲಿ ಎಣ್ಣೆ ಆವಿಯಾಗಿ ಪಕ್ಕದ ಮಸೂರಕ್ಕೋ ಸಿಲಿಕಾನ್ ಬಿಲ್ಲೆಗೋ ಅಂಟುತ್ತದೆ. ನಿಮಿಷಕ್ಕೆ ಹಲವು ಹತ್ತು ಸಾವಿರ ಸುತ್ತು ಹಾಕುವಾಗ ಗುಂಡುಗಳು ಬಿಸಿಯಾಗಿ ಬೇಗ ಸಾಯುತ್ತವೆ. ರಿಪೇರಿಗೆ ಹೋಗಲಾಗದ ಕಡೆ ಸವೆತವೆಂದರೆ ಮರಣವೇ. ಅನ್ಯಗ್ರಹಗಳನ್ನು ಹುಡುಕುತ್ತಿದ್ದ ಕೆಪ್ಲರ್ ದೂರದರ್ಶಕ 2012ರ ಜುಲೈನಲ್ಲಿ ಒಂದು, 2013ರ ಮೇ ತಿಂಗಳಲ್ಲಿ ಇನ್ನೊಂದು ನಿಯಂತ್ರಣ ಚಕ್ರವನ್ನು ಕಳೆದುಕೊಂಡಿತು. ಕೋಟಿಗಟ್ಟಲೆ ಡಾಲರಿನ ನೌಕೆ ತನ್ನ ಮೂಲ ಕೆಲಸವನ್ನು ನಿಲ್ಲಿಸಿದ್ದಕ್ಕೆ ಕಾರಣ ತಿರುಗಲು ಒಲ್ಲೆನೆಂದ ಚಕ್ರಗಳು.

ಪಾದ್ರಿ ಕಟ್ಟಿದ ಕಟ್ಟೆ

ಅಯಸ್ಕಾಂತದ ದಾರಿಗೆ ಅಡ್ಡಲಾಗಿ ಸುಂಕದ ಕಟ್ಟೆ ಕಟ್ಟಿದವನು ಇಂಗ್ಲೆಂಡಿನ ಪಾದ್ರಿ, ಗಣಿತಜ್ಞ ಸ್ಯಾಮ್ಯುಯೆಲ್ ಅರ್ನ್‌ಶಾ. 1842ರಲ್ಲಿ ಅಚ್ಚಾದ ಅವನ ಪ್ರಬಂಧದ ವಸ್ತು ಬೆಳಕನ್ನು ಹೊತ್ತು ತರುತ್ತದೆಂದು ಆಗ ನಂಬಿದ್ದ ಈಥರ್. ಅದರೊಳಗೆ ಅಡಗಿದ್ದ ಪ್ರಮೇಯ ಮಾತ್ರ ಈಥರ್ ಸತ್ತ ಮೇಲೂ ಬದುಕಿತು. ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುವ ಬಲಗಳಿಂದಷ್ಟೇ ಒಂದು ವಸ್ತುವನ್ನು ಎಲ್ಲ ದಿಕ್ಕಿನಲ್ಲೂ ಭದ್ರವಾಗಿ ನಿಲ್ಲಿಸಲಾಗದು ಎಂಬುದು ಅದರ ಸಾರ.

ಕುದುರೆಯ ತಡಿಯ ನಡುವೆ ಗೋಲಿಯೊಂದನ್ನು ಇಟ್ಟು ನೋಡಿ. ಹಿಂದಕ್ಕೂ ಮುಂದಕ್ಕೂ ಏರು ಇರುವುದರಿಂದ ಗೋಲಿ ಆ ದಿಕ್ಕಿನಲ್ಲಿ ಸರಿದರೂ ನಡುವಿಗೇ ಮರಳುತ್ತದೆ. ಎಡಬಲಕ್ಕೆ ಇಳಿಜಾರು, ಕೂದಲೆಳೆಯಷ್ಟು ಸರಿದರೂ ಉರುಳಿ ಬೀಳುತ್ತದೆ. ಸ್ಥಿರ ಅಯಸ್ಕಾಂತಗಳು ಕಟ್ಟುವ ಕ್ಷೇತ್ರವೆಲ್ಲ ಇಂಥ ತಡಿಯೇ. ಒಂದು ದಿಕ್ಕಿನಲ್ಲಿ ಭದ್ರತೆ ಗಳಿಸಿದರೆ ಇನ್ನೊಂದರಲ್ಲಿ ಅಷ್ಟನ್ನು ಕಳೆದುಕೊಳ್ಳಲೇಬೇಕು. ಮೀಟರಿನ ಉಂಗುರಗಳು ತಟ್ಟೆಯನ್ನು ಮೇಲೆತ್ತಿ ಹಿಡಿದದ್ದು ನಿಜ, ಆದರೆ ಅವೇ ಅದನ್ನು ಪಕ್ಕಕ್ಕೂ ದಬ್ಬುತ್ತಿದ್ದವು. ಉಂಗುರಗಳ ಆಕಾರ, ಸಂಖ್ಯೆ, ಜೋಡಣೆ ಹೇಗೆ ಬದಲಿಸಿದರೂ ಲೆಕ್ಕ ತಪ್ಪುವುದಿಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನು ಫಲ?

ಆದರೂ ಪ್ರಮೇಯಕ್ಕೆ ತನ್ನದೇ ಷರತ್ತುಗಳಿವೆ. ಕ್ಷೇತ್ರ ಬದಲಾಗಬಾರದು, ವಸ್ತು ಚಲಿಸಬಾರದು, ಕಾಂತವನ್ನು ಕಂಡರೆ ದೂರ ಸರಿಯುವ ಪದಾರ್ಥ ಇರಬಾರದು. 1939ರಲ್ಲಿ ಜರ್ಮನಿಯ ವೆರ್ನರ್ ಬ್ರೌನ್‌ಬೆಕ್ ಕೊನೆಯ ಷರತ್ತನ್ನು ಬಿಡಿಸಿ ತೋರಿಸಿದ. ಬಿಸ್ಮತ್, ಗ್ರಾಫೈಟಿನಂಥ ಪ್ರತಿಕಾಂತೀಯ ವಸ್ತುಗಳು ಲೆಕ್ಕದೊಳಗೆ ಬಂದರೆ ಭದ್ರ ತೇಲಾಟ ಸಾಧ್ಯ ಎಂದ, ಸಣ್ಣ ಚೂರುಗಳನ್ನು ತೇಲಿಸಿಯೂ ತೋರಿಸಿದ. ಮುಂದಿನ ಪಂಥಗಳೆಲ್ಲ ಈ ಷರತ್ತುಗಳಲ್ಲಿ ಒಂದೊಂದನ್ನು ಮುರಿದು ಹೊರಟವು. ಮೊದಲನೆಯದು ಮಾತ್ರ ಏನನ್ನೂ ಮುರಿಯದೆ ಸುಂಕ ತೆತ್ತು ಹೋಯಿತು.

ಒಂದು ಬಿಂದುವನ್ನು ಬಿಟ್ಟುಕೊಟ್ಟವರು

ಈ ಪಂಥದ ವಾದ ಸರಳ: ಹೊರೆಯ ಬಹುಪಾಲನ್ನು ಅಯಸ್ಕಾಂತ ಹೊರಲಿ, ಅದು ಹಿಡಿಯಲಾಗದ ದಿಕ್ಕನ್ನು ಒಂದು ಸಣ್ಣ ಸೂಜಿ ಹಿಡಿಯಲಿ. ಮೇಲೆ ಭಾರವೇ ಇಲ್ಲದ ಸೂಜಿ ಸವೆಯುವುದು ಬಹಳ ನಿಧಾನ. ಮೀಟರು ಮಾಡಿದ್ದು ಇದನ್ನೇ.

ಇದೇ ಉಪಾಯ ಜಗತ್ತಿನ ರಾಜಕೀಯವನ್ನೂ ಅಲುಗಿಸಿತು. ಎರಡನೇ ಮಹಾಯುದ್ಧದ ನಂತರ ಸೋವಿಯತ್ ಒಕ್ಕೂಟದ ಸೆರೆಯಲ್ಲಿದ್ದ ಆಸ್ಟ್ರಿಯಾದ ಗೆರ್ನಾಟ್ ಝಿಪ್ಪೆ ಮತ್ತು ಸಂಗಡಿಗರು ಯುರೇನಿಯಂ ಸಮೃದ್ಧಗೊಳಿಸುವ ಅನಿಲ ಸೆಂಟ್ರಿಫ್ಯೂಜನ್ನು ರೂಪಿಸಿದರು. ತೆಳು ಕೊಳವೆ ನಿರ್ವಾತದಲ್ಲಿ ಶಬ್ದಕ್ಕಿಂತ ವೇಗವಾಗಿ ತಿರುಗಬೇಕು, ವರ್ಷಗಟ್ಟಲೆ ನಿಲ್ಲಬಾರದು. ಅವರು ಕೊಳವೆಯ ತಲೆಯನ್ನು ಅಯಸ್ಕಾಂತದಿಂದ ಮುಟ್ಟದೆ ಹಿಡಿದರು, ಬುಡವನ್ನು ಸೂಜಿಮೊನೆಯ ಮೇಲೆ ನಿಲ್ಲಿಸಿದರು. ಝಿಪ್ಪೆ 1956ರಲ್ಲಿ ಪಶ್ಚಿಮಕ್ಕೆ ಮರಳಿದ. ಮುಂದೆ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಅದೇ ಯಂತ್ರವನ್ನು ಮತ್ತೆ ಕಟ್ಟಿ ತೋರಿಸಿದ. ಪರಮಾಣು ಅಸ್ತ್ರ ಪ್ರಸರಣದ ಚರ್ಚೆಯಲ್ಲಿ ಇಂದಿಗೂ ಸೆಂಟ್ರಿಫ್ಯೂಜ್ ಎಂದರೆ ಮುಖ್ಯವಾಗಿ ಈ ವಂಶದ್ದೇ.

ಈ ಪಂಥಕ್ಕೆ ಬಲ ಬಂದದ್ದು ಅಯಸ್ಕಾಂತಗಳು ಬಲವಾದಂತೆ. 1930ರ ದಶಕದ ಆಲ್ನಿಕೊ, ಯುದ್ಧಾನಂತರದ ಫೆರೈಟ್, 1960ರ ದಶಕದಿಂದ ಸಮೇರಿಯಂ-ಕೋಬಾಲ್ಟ್, 1980ರ ದಶಕದ ಆರಂಭದಲ್ಲಿ ಜಪಾನ್ ಮತ್ತು ಅಮೆರಿಕಗಳಲ್ಲಿ ಬೇರೆಬೇರೆಯಾಗಿ ಹುಟ್ಟಿದ ನಿಯೋಡಿಮಿಯಂ. ಕರೆಂಟು ಬೇಡ, ಎಲೆಕ್ಟ್ರಾನಿಕ್ಸ್ ಬೇಡ, ಖರ್ಚು ಕಡಿಮೆ. ಕೊರತೆಯೂ ಅಷ್ಟೇ ಸ್ಪಷ್ಟ: ಮುಟ್ಟುವ ಬಿಂದು ಉಳಿದಿದೆ, ಅದಕ್ಕೆ ಎಣ್ಣೆಯೋ ಆರೈಕೆಯೋ ಬೇಕು. ಜೊತೆಗೆ ಅಯಸ್ಕಾಂತಕ್ಕೆ ಅದುರಾಟವನ್ನು ತಗ್ಗಿಸುವ ಗುಣ ತಾನಾಗಿ ಇಲ್ಲ. ಒಮ್ಮೆ ನಡುಗಿದ ರೋಟರ್, ಎಂದರೆ ತಿರುಗುವ ಭಾಗ, ನಡುಗುತ್ತಲೇ ಇರುತ್ತದೆ.

ಕಣ್ಣಿಟ್ಟು ಹಿಡಿದವರು

ಅಂಗೈ ಮೇಲೆ ಕೋಲು ನಿಲ್ಲಿಸುವ ಹುಡುಗನನ್ನು ನೋಡಿ. ಕೋಲು ತಾನಾಗಿ ನಿಲ್ಲದು. ಅದು ವಾಲಿದತ್ತ ಕೈ ಸರಿಯುತ್ತದೆ, ಮತ್ತೆ ವಾಲುತ್ತದೆ, ಮತ್ತೆ ಸರಿಯುತ್ತದೆ. ಸಕ್ರಿಯ ಕಾಂತೀಯ ಬೇರಿಂಗ್ ಈ ಹುಡುಗನ ಆಟವನ್ನೇ ಆಡುತ್ತದೆ. ಉಕ್ಕಿನ ಶಾಫ್ಟಿನ ಸುತ್ತ ವಿದ್ಯುತ್ಕಾಂತಗಳು, ಅದರ ಸ್ಥಾನ ನೋಡುವ ಸೆನ್ಸರುಗಳು, ಸೆಕೆಂಡಿಗೆ ಸಾವಿರಾರು ಬಾರಿ ಲೆಕ್ಕ ಹಾಕಿ ಸುರುಳಿಯ ಕರೆಂಟನ್ನು ಹೆಚ್ಚುಕಡಿಮೆ ಮಾಡುವ ನಿಯಂತ್ರಕ. ಶಾಫ್ಟ್ ಮತ್ತು ಕಾಂತದ ನಡುವಿನ ಸಂದು ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನ ಆಸುಪಾಸು. ಈ ಸಂದು ಅರ್ಧಕ್ಕೆ ಇಳಿದರೆ ಅದೇ ಕರೆಂಟಿಗೆ ಸೆಳೆತ ಸುಮಾರು ನಾಲ್ಕು ಪಟ್ಟಾಗುತ್ತದೆ. ಹತ್ತಿರ ಹೋದಷ್ಟೂ ಬಲವಾಗಿ ಎಳೆಯುವ ಈ ಗುಣದಿಂದಾಗಿಯೇ ಸದಾ ಕಣ್ಣಿಡಬೇಕು.

1937ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ಎಫ್. ಟಿ. ಹೋಮ್ಸ್ ಈ ಬಗೆಯ ತೂಗಾಟವನ್ನು ವರದಿ ಮಾಡಿದ. ಅಲ್ಲಿಯೇ ಇದ್ದ ಜೆಸ್ಸಿ ಬೀಮ್ಸ್ ಅದನ್ನು ಅತಿಗೆ ಒಯ್ದ. ನಿರ್ವಾತದಲ್ಲಿ ತೂಗುಬಿಟ್ಟ ಉಕ್ಕಿನ ಪುಟ್ಟ ಗುಂಡನ್ನು 1940ರ ದಶಕದಲ್ಲಿ ಸೆಕೆಂಡಿಗೆ 3 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಿಸಿದ. ಆ ವೇಗದಲ್ಲಿ ಮಿತಿ ಹಾಕುವುದು ಘರ್ಷಣೆಯಲ್ಲ, ಉಕ್ಕಿನ ಗಟ್ಟಿತನ. ಗುಂಡು ತನ್ನದೇ ಸುತ್ತಾಟಕ್ಕೆ ಸಿಡಿದು ಹೋಗುತ್ತಿತ್ತು. ಇವರಿಗೂ ಮೊದಲೇ ಜರ್ಮನಿಯಲ್ಲಿ ಹೆರ್ಮನ್ ಕೆಂಪರ್ ತೇಲುವ ರೈಲಿಗೆ 1934ರಲ್ಲಿ ಪೇಟೆಂಟ್ ಪಡೆದಿದ್ದ.

ಪ್ರಯೋಗಾಲಯದಿಂದ ಕಾರ್ಖಾನೆಗೆ ಬರಲು ಅಗ್ಗದ ಎಲೆಕ್ಟ್ರಾನಿಕ್ಸ್ ಹುಟ್ಟಬೇಕಾಯಿತು. 1976ರಲ್ಲಿ ಫ್ರಾನ್ಸ್‌ನಲ್ಲಿ ಈ ಕೆಲಸಕ್ಕೆಂದೇ ಎಸ್2ಎಂ ಕಂಪನಿ ಹುಟ್ಟಿತು. 1985ರಲ್ಲಿ ಕೆನಡಾದ ನೋವಾ ಸಂಸ್ಥೆ ಆಲ್ಬರ್ಟಾದ ಅನಿಲ ಕೊಳವೆಮಾರ್ಗದ ಕಂಪ್ರೆಸರಿಗೆ ಕಾಂತೀಯ ಬೇರಿಂಗ್ ಅಳವಡಿಸಿತು. 1988ರಲ್ಲಿ ಜ್ಯೂರಿಕ್‌ನಲ್ಲಿ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಇಂದು ಚಿಪ್ ಕಾರ್ಖಾನೆಗಳ ನಿರ್ವಾತ ಪಂಪುಗಳಲ್ಲಿ, ದೊಡ್ಡ ಕಟ್ಟಡಗಳ ಎಣ್ಣೆರಹಿತ ಚಿಲ್ಲರುಗಳಲ್ಲಿ ಈ ಪಂಥದ್ದೇ ರಾಜ್ಯಭಾರ.

ಬೇರಿಂಗೇ ಕಣ್ಣಾಗಿರುವುದರಿಂದ ರೋಟರಿನ ನಡುಕವನ್ನು ಅದು ಸದಾ ಅಳೆಯುತ್ತಿರುತ್ತದೆ, ಬೇಕೆಂದಾಗ ಗಡಸಾಗುತ್ತದೆ, ಮೃದುವಾಗುತ್ತದೆ. ಬೇರೆ ಯಾವ ಬೇರಿಂಗಿಗೂ ಈ ಜಾಣತನವಿಲ್ಲ ಎಂಬುದು ಈ ಪಂಥದವರ ಹೆಮ್ಮೆ. ಆಕ್ಷೇಪಣೆಗಳೂ ಗಟ್ಟಿಯಾಗಿವೆ. 1 ಟೆಸ್ಲಾ ಕ್ಷೇತ್ರ ಚದರ ಸೆಂಟಿಮೀಟರಿಗೆ ಕೊಡುವ ಬಲ ಸುಮಾರು 4 ಕಿಲೋ, ಒಂದೂವರೆ ಟೆಸ್ಲಾ ಕೊಟ್ಟರೆ ಸುಮಾರು 9 ಕಿಲೋ. ಕಬ್ಬಿಣ ಅದಕ್ಕಿಂತ ಬಹಳ ಮೇಲೆ ಹೋಗಗೊಡದು. ಎಣ್ಣೆಪೊರೆಯ ಬೇರಿಂಗ್ ಅಷ್ಟೇ ಜಾಗದಲ್ಲಿ ಹಲವು ಪಟ್ಟು ಹೊರುತ್ತದೆ. ಹಾಗಾಗಿ ಕಾಂತೀಯ ಬೇರಿಂಗ್ ದಪ್ಪಗಾಗುತ್ತದೆ, ದುಬಾರಿಯಾಗುತ್ತದೆ. ಕರೆಂಟು ಹೋದರೆ? ಅದಕ್ಕೆಂದೇ ಒಳಗೆ ಒಂದು ಜೊತೆ ಬಾಲ್ ಬೇರಿಂಗುಗಳನ್ನು ಕಾವಲಿಗೆ ಇಟ್ಟಿರುತ್ತಾರೆ. ಹಳಬನನ್ನು ಕೆಲಸದಿಂದ ತೆಗೆದ ಹೊಸಬ ಅವನನ್ನೇ ಬಾಗಿಲಲ್ಲಿ ಕೂರಿಸಿಕೊಂಡಂತಾಯಿತು.

ಚಳಿಯನ್ನು ಕೊಂಡವರು

ಬ್ರೌನ್‌ಬೆಕ್ ತೋರಿಸಿದ ಪ್ರತಿಕಾಂತೀಯ ದಾರಿ ನೋಡಲು ಚೆಂದ, ಹೊರೆಗೆ ದುರ್ಬಲ. 1997ರಲ್ಲಿ ನೆದರ್‌ಲ್ಯಾಂಡ್ಸಿನ ನೈಮೇಗನ್‌ನಲ್ಲಿ ಆಂದ್ರೆ ಗೈಮ್ ಮತ್ತು ಸಂಗಡಿಗರು ಜೀವಂತ ಕಪ್ಪೆಯನ್ನು ಗಾಳಿಯಲ್ಲಿ ತೇಲಿಸಿದರು. ಒಂದು ಪುಟ್ಟ ಕಪ್ಪೆಗೆ ಬೇಕಾದದ್ದು 16 ಟೆಸ್ಲಾ ಕ್ಷೇತ್ರ.

ಪ್ರತಿಕಾಂತೀಯತೆಯ ಪರಾಕಾಷ್ಠೆ, ತಡೆಯಿಲ್ಲದೆ ಕರೆಂಟು ಹರಿಸುವ ಅತಿವಾಹಕದಲ್ಲಿದೆ. ಅತಿವಾಹಕ ತನ್ನೊಳಗಿನ ಕಾಂತಕ್ಷೇತ್ರವನ್ನು ಹೊರದಬ್ಬುತ್ತದೆಂದು 1933ರಲ್ಲಿ ಮೈಸ್ನರ್ ಮತ್ತು ಆಕ್ಸೆನ್‌ಫೆಲ್ಡ್ ಕಂಡರು. 1940ರ ದಶಕದಲ್ಲಿ ಮಾಸ್ಕೋದ ಅರ್ಕಾದೀವ್ ಅತಿಶೀತಲ ಸೀಸದ ಬಟ್ಟಲ ಮೇಲೆ ಅಯಸ್ಕಾಂತವನ್ನು ತೇಲಿಸಿದ. ಅದಕ್ಕೆ ದ್ರವ ಹೀಲಿಯಂ ಬೇಕಿತ್ತು. 1986ರಲ್ಲಿ ಬೆಡ್ನೋರ್ಝ್ ಮತ್ತು ಮ್ಯುಲರ್ ಹೊಸ ಬಗೆಯ ಪಿಂಗಾಣಿ ಅತಿವಾಹಕವನ್ನು ಕಂಡರು. ಮರುವರ್ಷವೇ ಇಟ್ರಿಯಂ-ಬೇರಿಯಂ-ತಾಮ್ರದ ಆಕ್ಸೈಡ್ 93 ಕೆಲ್ವಿನ್‌ನಲ್ಲಿ ಅತಿವಾಹಕವಾಯಿತು. 77 ಕೆಲ್ವಿನ್‌ನ ದ್ರವ ನೈಟ್ರೋಜನ್ ಸಾಕಾಯಿತು.

ಈ ಪಿಂಗಾಣಿಯಲ್ಲಿ ಇನ್ನೊಂದು ಗುಣವಿದೆ. ಒಳಗೆ ನುಸುಳಿದ ಕಾಂತರೇಖೆಗಳು ಹರಳಿನ ದೋಷಗಳಲ್ಲಿ ಸಿಕ್ಕಿಕೊಂಡು, ಅಯಸ್ಕಾಂತ ಇದ್ದಲ್ಲೇ ಕೀಲಿಸಿದಂತೆ ನಿಲ್ಲುತ್ತದೆ. ಮೇಲೆ ಇಟ್ಟರೂ, ತಲೆಕೆಳಗೆ ತೂಗಿದರೂ ಜಾರದು. ಆದರೆ ತನ್ನ ಅಚ್ಚಿನ ಸುತ್ತ ಸಲೀಸಾಗಿ ತಿರುಗುತ್ತದೆ. ಸೆನ್ಸರ್ ಇಲ್ಲ, ನಿಯಂತ್ರಕ ಇಲ್ಲ. ಪ್ರಯೋಗಾಲಯದಲ್ಲಿ ಇಂಥ ಬೇರಿಂಗುಗಳ ಘರ್ಷಣಾಂಕ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕೆಳಗೆ ಇಳಿದಿದೆ. ಜಪಾನಿನ ರೈಲ್ವೆ ತಾಂತ್ರಿಕ ಸಂಶೋಧನಾ ಸಂಸ್ಥೆ 2015ರಲ್ಲಿ ಯಮನಾಶಿಯ ಸೌರ ವಿದ್ಯುತ್ ಕೇಂದ್ರಕ್ಕೆ ಜೋಡಿಸಿದ, ತಿರುಗುತ್ತಾ ಶಕ್ತಿ ಕೂಡಿಡುವ ಫ್ಲೈವೀಲಿನಲ್ಲಿ 4 ಟನ್ ತೂಕದ ರೋಟರನ್ನು ಅತಿವಾಹಕ ಬೇರಿಂಗ್ ಹೊತ್ತಿತು. ಇಲ್ಲಿ ಸುಂಕದ ನಾಣ್ಯ ಚಳಿ. ಶೀತಲ ಯಂತ್ರ ಹಗಲಿರುಳೂ ಓಡಬೇಕು, ಅದಕ್ಕೆ ಹಿಡಿಯುವ ಕರೆಂಟು ಉಳಿಸಿದ ಘರ್ಷಣೆಗಿಂತ ಹೆಚ್ಚಾದರೆ ವ್ಯಾಪಾರ ಗಿಟ್ಟದು.

ಬುಗುರಿಯ ನ್ಯಾಯ

ನಿಂತಲ್ಲಿ ಬೀಳುವ ಬುಗುರಿ ಚಾಟಿಯಿಂದ ಬಿಟ್ಟರೆ ನೆಟ್ಟಗೆ ನಿಲ್ಲುತ್ತದೆ. ವಸ್ತು ಚಲಿಸಬಾರದೆಂಬ ಷರತ್ತನ್ನು ಮುರಿಯುವವರು ಹಿಡಿದದ್ದು ಈ ದಾರಿ. ಅಮೆರಿಕದ ರಾಯ್ ಹ್ಯಾರಿಗನ್ 1983ರಲ್ಲಿ ಪೇಟೆಂಟ್ ಪಡೆದ ಅಯಸ್ಕಾಂತದ ಬುಗುರಿ ಮೊಳೆಯೇ ಇಲ್ಲದೆ ಗಾಳಿಯಲ್ಲಿ ತಿರುಗುತ್ತದೆ. ಮುಂದೆ ಲೆವಿಟ್ರಾನ್ ಎಂಬ ಆಟಿಕೆಯಾಗಿ ಅದು ಮನೆಮಾತಾಯಿತು. ಅದು ಏಕೆ ಬೀಳುವುದಿಲ್ಲ ಎಂಬುದರ ಭೌತಶಾಸ್ತ್ರವನ್ನು 1996ರಲ್ಲಿ ಮೈಕೆಲ್ ಬೆರಿ ಬಿಡಿಸಿದರು. ವೇಗ ಕಡಿಮೆಯಾದರೆ ಬೀಳುತ್ತದೆ, ಹೆಚ್ಚಾದರೂ ಬೀಳುತ್ತದೆ. ನಡುವಿನ ಇಕ್ಕಟ್ಟಿನಲ್ಲಷ್ಟೇ ತೇಲಾಟ. ತೂಕ ತುಸು ಹೆಚ್ಚುಕಡಿಮೆಯಾದರೂ ಆಟ ಮುಗಿಯಿತು. ಕೆಲಸದ ಹೊರೆ ಹೊರಬೇಕಾದ ಯಂತ್ರಕ್ಕೆ ಇದು ಒಗ್ಗುವುದು ಕಷ್ಟ.

ಇನ್ನೊಂದು ಕವಲು ಪ್ರೇರಿತ ವಿದ್ಯುತ್ತಿನದು. ಅಯಸ್ಕಾಂತ ತಾಮ್ರದ ಸುರುಳಿಯ ಬಳಿ ವೇಗವಾಗಿ ಸರಿದರೆ ಸುರುಳಿಯಲ್ಲಿ ಹುಟ್ಟುವ ಕರೆಂಟು ಅಯಸ್ಕಾಂತವನ್ನು ದೂಡುತ್ತದೆ. ಕ್ಲಾಸ್ ಹಾಲ್ಬಾಖ್ 1980ರ ಸುಮಾರಿಗೆ ರೂಪಿಸಿದ, ಒಂದೇ ಬದಿಗೆ ಬಲವಾದ ಕ್ಷೇತ್ರ ಕೊಡುವ ಅಯಸ್ಕಾಂತ ಸಾಲುಗಳನ್ನು ಬಳಸಿ ಕ್ಯಾಲಿಫೋರ್ನಿಯಾದ ಲಿವರ್‌ಮೋರ್ ಪ್ರಯೋಗಾಲಯದ ರಿಚರ್ಡ್ ಪೋಸ್ಟ್ ಇಂಥ ಬೇರಿಂಗುಗಳನ್ನು ಪ್ರತಿಪಾದಿಸಿದರು. ನಿಯಂತ್ರಕ ಬೇಡ, ಚಳಿ ಬೇಡ, ವೇಗ ಮಾತ್ರ ಬೇಕು. ಆದರೆ ವೇಗ ಬರುವ ತನಕ ಹಿಡಿಯುವವರಾರು? ಮತ್ತೆ ಹಳೆಯ ಗುಂಡುಗಳೇ.

ಮುಟ್ಟದಿದ್ದರೆ ಘರ್ಷಣೆ ಇಲ್ಲವೆ?

ಸಂಪರ್ಕವಿಲ್ಲ ಎಂಬುದಕ್ಕೂ ನಷ್ಟವಿಲ್ಲ ಎಂಬುದಕ್ಕೂ ನಡುವೆ ಅಂತರವಿದೆ. ತಿರುಗುವ ಉಕ್ಕು ಅಸಮ ಕ್ಷೇತ್ರವನ್ನು ಹಾಯುವಾಗ ಒಳಗೆ ಸುಳಿ ಪ್ರವಾಹಗಳು ಹುಟ್ಟಿ ಬಿಸಿಯಾಗುತ್ತದೆ. ಅದನ್ನು ತಗ್ಗಿಸಲು ಶಾಫ್ಟಿಗೆ ತೆಳು ಉಕ್ಕಿನ ಬಿಲ್ಲೆಗಳನ್ನು ಪೋಣಿಸುತ್ತಾರೆ. ಅಣುಕಾಂತಗಳು ಮತ್ತೆಮತ್ತೆ ದಿಕ್ಕು ಬದಲಿಸುವುದಕ್ಕೂ ಶಕ್ತಿ ಹೋಗುತ್ತದೆ. ಸುತ್ತಲಿನ ಗಾಳಿ ಎಳೆಯುತ್ತದೆ. ಅತಿವೇಗದ ಯಂತ್ರಗಳಲ್ಲಿ ದೊಡ್ಡ ಪಾಲು ಅದರದೇ. ಸುರುಳಿ, ನಿಯಂತ್ರಕಗಳು ಕುಡಿಯುವ ಕರೆಂಟು ಬೇರೆ.

ಆದರೆ ಇವನ್ನೆಲ್ಲ ಹಿಂಡಿ ತೆಗೆದಾಗ ಉಳಿಯುವುದು ಎಷ್ಟು ಕಡಿಮೆಯೆಂದರೆ, ಅದೇ ಒಂದು ಅಳತೆಗೋಲಾಗುತ್ತದೆ. ನಿರ್ವಾತದಲ್ಲಿ ತೂಗುವ 4.5 ಮಿಲಿಮೀಟರ್ ಉಕ್ಕಿನ ಗುಂಡನ್ನು ತಿರುಗಿಸಿ ಕೈಬಿಟ್ಟರೆ, ಅಲ್ಲಿ ಉಳಿದ ಅಷ್ಟಿಷ್ಟು ಅನಿಲದ ಅಣುಗಳು ಬಡಿದು ಅದನ್ನು ನಿಧಾನಿಸುತ್ತವೆ. ಎಷ್ಟು ನಿಧಾನವಾಯಿತು ಎಂಬುದರಿಂದ ನಿರ್ವಾತದ ಒತ್ತಡವನ್ನು ಲೆಕ್ಕ ಹಾಕುತ್ತಾರೆ. ಬೀಮ್ಸ್‌ನ ಆಟ ಹೀಗೆ ಮಾನಕ ಉಪಕರಣವಾಯಿತು.

ಎದೆಯೊಳಗಿನ ಪರೀಕ್ಷೆ

ಪಂಥಗಳು ಬೆರೆತಾಗ ಏನಾಗುತ್ತದೆಂಬುದಕ್ಕೆ ಸೋತ ಹೃದಯಕ್ಕೆ ನೆರವಾಗುವ ರಕ್ತಪಂಪು ಒಳ್ಳೆಯ ನಿದರ್ಶನ. ರಕ್ತದಲ್ಲೇ ಮುಳುಗಿದ ಬೇರಿಂಗಿನ ಬಳಿ ಬಿಸಿಯೂ ನಿಂತ ರಕ್ತವೂ ಸೇರಿ ಹೆಪ್ಪು ಕಟ್ಟುತ್ತದೆ. 2017ರಲ್ಲಿ ಅಮೆರಿಕದ ಅನುಮತಿ ಪಡೆದ ಹಾರ್ಟ್‌ಮೇಟ್ 3 ಪಂಪಿನ ರೋಟರ್ ಏನನ್ನೂ ಮುಟ್ಟುವುದಿಲ್ಲ. ಮೇಲೆಕೆಳಗಿನ ಸರಿತ ಮತ್ತು ಓರೆಯಾಗುವಿಕೆಯನ್ನು ಕಾಯಂ ಅಯಸ್ಕಾಂತವೇ ನೋಡಿಕೊಳ್ಳುತ್ತದೆ. ಅಡ್ಡಡ್ಡ ಎರಡು ದಿಕ್ಕುಗಳನ್ನು ಮಾತ್ರ ನಿಯಂತ್ರಕ ಕಾಯುತ್ತದೆ. 1,028 ರೋಗಿಗಳ ಮೊಮೆಂಟಂ 3 ಪರೀಕ್ಷೆಯ 2019ರ ಅಂತಿಮ ವರದಿಯಲ್ಲಿ, ಹೆಪ್ಪುಗಟ್ಟಿದ್ದು ಖಚಿತವಾದ ಇಲ್ಲವೇ ಶಂಕೆಯಾದ ಪ್ರಕರಣಗಳು ಇದರಲ್ಲಿ ಶೇ 1.4, ರಕ್ತದೊಳಗೆ ಬೇರಿಂಗ್ ಇದ್ದ ಹಿಂದಿನ ಪಂಪಿನಲ್ಲಿ ಶೇ 13.9.

ಇಲ್ಲಿ ಗೆದ್ದದ್ದು ಶಕ್ತಿಯ ಉಳಿತಾಯ ಎನ್ನುವಂತಿಲ್ಲ. ಗೆದ್ದದ್ದು ಮುಟ್ಟದಿರುವ ಗುಣ. ಕರೆಂಟು ಹೋದರೆ ಎಂಬ ಹಳೆಯ ಆಕ್ಷೇಪಣೆಗೂ ಇಲ್ಲಿ ಅರ್ಥ ಉಳಿಯುವುದಿಲ್ಲ. ಬ್ಯಾಟರಿ ಸತ್ತರೆ ಎಂಥ ಬೇರಿಂಗಿನ ಪಂಪೂ ನಿಲ್ಲುತ್ತದೆ. ಒಂದು ಪಂಥದ ದೊಡ್ಡ ದೋಷ ಒಂದು ಜಾಗದಲ್ಲಿ ದೋಷವೇ ಆಗದಿರಬಹುದು.

ಇತ್ಯರ್ಥವಾಗದೆ ಉಳಿದವು

ಮೊದಲನೆಯದು, ಕೋಣೆಯ ಉಷ್ಣತೆಯಲ್ಲಿ, ನಿಯಂತ್ರಕವಿಲ್ಲದೆ, ನಿಂತಾಗಲೂ ತಿರುಗುವಾಗಲೂ ಮುಟ್ಟದೆ ಹೊರೆ ಹೊರುವ ಬೇರಿಂಗ್ ಸಾಧ್ಯವೆ? ತಿರುಗುವಿಕೆಯಿಂದಲೇ ಕಾಯಂ ಅಯಸ್ಕಾಂತದ ರೋಟರ್ ಭದ್ರವಾಗುತ್ತದೆಂಬ ವಾದಗಳು ಆಗಾಗ ಬಂದಿವೆ. ಅಲ್ಲಿ ಗಾಳಿಯ ಅಥವಾ ದ್ರವದ ಪೊರೆ ಗುಟ್ಟಾಗಿ ನೆರವಾಗುತ್ತಿಲ್ಲವೆ ಎಂಬ ಮರುಪ್ರಶ್ನೆಯೂ ಬೆನ್ನಿಗೇ ಇದೆ. 2023ರಲ್ಲಿ ದಕ್ಷಿಣ ಕೊರಿಯಾದ ಎಲ್‌ಕೆ-99 ಎಂಬ ಪದಾರ್ಥ ಕೋಣೆಯ ಉಷ್ಣತೆಯ ಅತಿವಾಹಕವೆಂಬ ಸುದ್ದಿ ಹಬ್ಬಿದಾಗ, ವಿಡಿಯೊದಲ್ಲಿ ಚೂರಿನ ಒಂದು ಅಂಚು ಅಯಸ್ಕಾಂತವನ್ನು ಮುಟ್ಟಿಕೊಂಡೇ ಇತ್ತು. ಅದು ಅತಿವಾಹಕವಲ್ಲವೆಂದು ಕೆಲವೇ ವಾರಗಳಲ್ಲಿ ಪ್ರಯೋಗಾಲಯಗಳು ತೋರಿಸಿದವು. ಮುಟ್ಟಿದ ಆ ಅಂಚನ್ನು ಕಂಡಾಗಲೇ ಅರ್ನ್‌ಶಾನ ಕಟ್ಟೆ ಕೆಲವರಿಗೆ ನೆನಪಾಗಿರಬೇಕು.

ಎರಡನೆಯದು ಬೀಳುವ ಕ್ಷಣ. ಪೂರ್ಣ ವೇಗದಲ್ಲಿ ಕಾವಲು ಬೇರಿಂಗಿನ ಮೇಲೆ ಬಿದ್ದ ಭಾರಿ ರೋಟರ್ ಎಷ್ಟು ಪುಟಿಯುತ್ತದೆ, ಆ ಬೇರಿಂಗು ಇಂಥ ಎಷ್ಟು ಬೀಳುಗಳನ್ನು ತಾಳುತ್ತದೆ ಎಂಬುದನ್ನು ಮುಂಚಿತವಾಗಿ ನಂಬಿಕೆಯಿಂದ ಹೇಳುವ ವಿಧಾನ ಇನ್ನೂ ಪಕ್ವವಾಗಿಲ್ಲ.

ಮೂರನೆಯದು ಅದಿರಿನ ರಾಜಕೀಯ. 2025ರ ಏಪ್ರಿಲ್‌ನಲ್ಲಿ ಚೀನಾ ಏಳು ವಿರಳ ಭಸ್ಮ ಧಾತುಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ಪಟ್ಟಿಯಲ್ಲಿದ್ದ ಸಮೇರಿಯಂ ಬಿಸಿ ತಾಳುವ ಅಯಸ್ಕಾಂತಕ್ಕೆ ಬೇಕು, ಡಿಸ್ಪ್ರೋಸಿಯಂ ನಿಯೋಡಿಮಿಯಂ ಅಯಸ್ಕಾಂತವನ್ನು ಬಿಸಿಯಲ್ಲೂ ಕಾಯುತ್ತದೆ, ಇಟ್ರಿಯಂ ಅತಿವಾಹಕದ್ದು. ಭಾರತದ ವಾಹನ ಉದ್ಯಮಕ್ಕೂ ಇದರ ಬಿಸಿ ತಟ್ಟಿತು. ತಾಮ್ರದ ಸುರುಳಿ, ಉಕ್ಕಿನ ಬಿಲ್ಲೆಗಳನ್ನಷ್ಟೇ ನೆಚ್ಚಿದ ಸಕ್ರಿಯ ಪಂಥಕ್ಕೆ ಇದರಿಂದ ಅನುಕೂಲವಾದೀತೆ ಎಂಬುದು ನೋಡಬೇಕಾದ ಸಂಗತಿ.

ಕೊನೆಯದು ಎಲ್ಲಕ್ಕಿಂತ ಮುಜುಗರದ ಪ್ರಶ್ನೆ: ತಿರುಗಲೇಬೇಕೆ? ಶಕ್ತಿ ಕೂಡಿಡುವ ಫ್ಲೈವೀಲುಗಳಿಗಾಗಿ ಈ ನಾಲ್ಕೂ ದಾರಿಗಳಲ್ಲಿ ದಶಕಗಳ ಶ್ರಮ ಸುರಿದಿದೆ. ಅಷ್ಟರಲ್ಲಿ ತಿರುಗುವ ಭಾಗವೇ ಇಲ್ಲದ ಲಿಥಿಯಂ ಬ್ಯಾಟರಿ ಅಗ್ಗವಾಗಿ ಆ ಮಾರುಕಟ್ಟೆಗೆ ನುಗ್ಗಿತು. ನಮ್ಮ ಬಾಗಿಲ ಪಕ್ಕದ ಮೀಟರಿನ ಕಥೆಯೂ ಅದೇ. ನೀಲಮಣಿಯೇ, ಕಾಂತದ ಉಂಗುರವೇ ಎಂಬ ವಾದ ಅಲ್ಲಿ ಇತ್ಯರ್ಥವಾಗಲಿಲ್ಲ. ಎಲೆಕ್ಟ್ರಾನಿಕ್ ಮೀಟರು ಬಂದು ತಟ್ಟೆಯನ್ನೇ ತೆಗೆದುಹಾಕಿತು. ಪಂಪು, ಕಂಪ್ರೆಸರು, ಟರ್ಬೈನುಗಳಿಗೆ ಆ ಭಾಗ್ಯವಿಲ್ಲ. ಅವು ತಿರುಗಲೇಬೇಕು, ಕಟ್ಟೆಯ ಮುಂದೆ ನಿಲ್ಲಲೇಬೇಕು.